ಅತಿ ಕಡಿಮೆ ಹೆಜ್ಜೆ

ಅಂದು ಆರೋಗ್ಯ ಕಚೇರಿಯಲ್ಲಿ ಎಂದಿನ ಮಂಗಳವಾರದ ಸಭೆ. ಗುಡ್ಡದ ಹಳ್ಳಿಗಳ ಆಂಬುಲೆನ್ಸನ್ನು ಸಾಹೇಬರು ಹಿಂದಿನ ತಿಂಗಳು ಪೇಟೆಗೆ ತರಿಸಿದ್ದರು. ಅದನ್ನು ಅಲ್ಲೇ ಕಾಯಂ ಮಾಡುವ ಆದೇಶಕ್ಕೆ ಈಗ ಸಹಿ ಹಾಕುವುದಿತ್ತು.

"ಕಂಪ್ಯೂಟರ್ ಲೆಕ್ಕ ಹಾಕಿದೆ. ಪೇಟೆಯಲ್ಲಿ ನಿಂತರೆ ಗಾಡಿಯ ಒಟ್ಟು ಓಡಾಟ ಅತಿ ಕಡಿಮೆ. ಇದಕ್ಕಿಂತ ಒಳ್ಳೆಯ ಜಾಗವಿಲ್ಲ," ಎಂದರು ಸಾಹೇಬರು. "ಎಲ್ಲಿ, ಟೀ ಕೊಡಯ್ಯಾ."

ಜವಾನ ಗುಡ್ಡದ ಊರಿನವನು. ರಜೆ ಮುಗಿಸಿ ಅಂದೇ ಕೆಲಸಕ್ಕೆ ಬಂದಿದ್ದ. ಹನ್ನೆರಡು ಜನರ ಹನ್ನೆರಡು ಲೋಟವನ್ನೂ ಬಾಗಿಲ ಬಳಿ ಕೂತಿದ್ದ ನಾಲ್ವರ ಮುಂದೆಯೇ ಇಟ್ಟು, ಕೈಕಟ್ಟಿ ನಿಂತ.

ಮೇಜಿನ ಆ ತುದಿಯಿಂದ ಸಾಹೇಬರು ಗದರಿದರು: "ನನಗೆಲ್ಲಿ?"

"ಲೆಕ್ಕ ಹಾಕಿದೆ ಸಾರ್. ಹೀಗಿಟ್ಟರೆ ನನ್ನ ಒಟ್ಟು ಹೆಜ್ಜೆ ಅತಿ ಕಡಿಮೆ."

"ತಲೆ ಕೆಟ್ಟಿದೆಯಾ? ದೂರ ಕೂತವರು ಕುಡಿಯುವುದು ಬೇಡವಾ?"

"ಅದನ್ನು ಲೆಕ್ಕಕ್ಕೆ ಸೇರಿಸಿರಲಿಲ್ಲ ಸಾರ್. ಕಂಪ್ಯೂಟರಿಗೂ ಯಾರೂ ಹೇಳಿರಲಿಕ್ಕಿಲ್ಲ."

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು.

"ಅತಿ ದೂರದ ಮನೆಗೆ ಎಷ್ಟು ನಿಮಿಷ, ನೋಡ್ರೀ," ಎಂದು ಗುಮಾಸ್ತರಿಗೆ ಹೇಳಿದರು.

ಗುಮಾಸ್ತರು ಕಾಗದ ತಿರುವುವ ಮೊದಲೇ ಜವಾನ ಹೇಳಿದ: "ಎಪ್ಪತ್ತು ಸಾರ್."

ಶುಕ್ರವಾರ ಆಂಬುಲೆನ್ಸ್ ಗುಡ್ಡಕ್ಕೆ ಮರಳಿತು. ಜವಾನನ ಹೆಂಡತಿ ತೀರಿಕೊಂಡು ಅಂದಿಗೆ ಹತ್ತೊಂಬತ್ತು ದಿನವಾಗಿತ್ತು.