ಬಗ್ಗಿಸಿದ ತಗಡು

ಹೊಳೆ ದಂಡೆ ಎಂದ ಮೇಲೆ ಆಶ್ರಮವೇ ಇರಬೇಕೆಂದೇನಿಲ್ಲ. ಹರಿಹರದ ಹೊಳೆ ದಂಡೆಯಲ್ಲಿ ಬುಡೇನ್ ಸಾಬರ ಗ್ಯಾರೇಜಿತ್ತು. ಗುರುಗಳ ಮೈಮೇಲೆ ಕಾವಿಯ ಬದಲು ಆಯಿಲ್ ಮೆತ್ತಿದ ಖಾಕಿ.

ಅಲ್ಲೊಂದು ಕಟ್ಟಳೆ. ಯಾವ ಗಾಡಿ ಬಂದರೂ ಮೊದಲು ಅದರಲ್ಲಿ ಒಂದು ಸುತ್ತು ಹೋಗಿ ಸದ್ದು ಕೇಳಬೇಕು, ಆಮೇಲೆ ಕೈ ಹಾಕಬೇಕು.

ಶಿಷ್ಯ ತಿಪ್ಪೇಶಿಗೆ ಅದೇ ಕಷ್ಟ. ನಲವತ್ತು ದಾಟಿದ ಮೇಲೆ ಕೆಲಸ ಕಲಿಯಲು ಬಂದವನು. ಹೆಂಡತಿ ಸತ್ತು ಆರು ತಿಂಗಳಾಗಿತ್ತು. ಸದ್ದೆಂದರೆ ಅವನಿಗೆ ಆಗುತ್ತಿರಲಿಲ್ಲ.

ಸಾಬರು ನಮಾಜಿಗೆ ಹೋಗಿದ್ದಾಗ ಒಂದು ಕಾರು ಬಂತು. ಬ್ರೇಕ್ ಒತ್ತಿದರೆ ಕಿರ್ರೆಂದು ಕಿರುಚುತ್ತಿತ್ತು. ಬಸುರಿ ಮಗಳನ್ನು ಕರೆತರಲು ಮಾಲೀಕ ಮರುದಿನವೇ ಘಟ್ಟ ಇಳಿಯಬೇಕಿತ್ತು.

ತಿಪ್ಪೇಶಿ ಸುತ್ತು ಹೋಗಲಿಲ್ಲ. ಚಕ್ರ ಬಿಚ್ಚಿ ನೋಡಿದ. ಬ್ರೇಕ್ ಪ್ಯಾಡಿನ ಅಂಚಿನ ಸಣ್ಣ ತಗಡು ಡಿಸ್ಕಿಗೆ ಉಜ್ಜುತ್ತಿತ್ತು. ಇಕ್ಕಳದಿಂದ ಬಗ್ಗಿಸಿದ. ಕೆಲಸ ಹೂವೆತ್ತಿದಷ್ಟು ಹಗುರಾಯಿತು.

ಸಾಬರು ಬಂದು, ಮಾಲೀಕನಿಂದ ವಿಷಯ ಕೇಳಿ, ಒಂದು ಸುತ್ತು ಓಡಿಸಿದರು.

“ಏನ್ ಮಾಡ್ದೆ ತಿಪ್ಪೇಶಿ?”

“ತಗಡು ಬಗ್ಗಿಸ್ದೆ ಉಸ್ತಾದ್ರೆ. ಈಗ ಸದ್ದೇ ಇಲ್ಲ.”

ಸಾಬರು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ತಾವೇ ಚಕ್ರ ಬಿಚ್ಚಿ, ತಗಡನ್ನು ಮೊದಲಿನಂತೆ ನೆಟ್ಟಗೆ ಮಾಡಿ, ಚಕ್ರ ಹಾಕಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು. ಕಾರು ಮತ್ತೆ ಕಿರುಚಿತು. ತಿಪ್ಪೇಶಿ ಕಿವಿ ಮುಚ್ಚಿಕೊಂಡ.

“ಪ್ಯಾಡು ಸವೆದು ಹೋದಾಗ ಮಾತ್ರ ಆ ತಗಡು ಡಿಸ್ಕಿಗೆ ತಗಲೋದು,” ಎಂದರು ಸಾಬರು. “ಕೂಗ್ಲಿ ಅಂತ್ಲೇ ಇಟ್ಟಿರೋದು. ನಾಳೆ ಘಟ್ಟದಾಗೆ ಆ ಮನುಷ್ಯನ ಗತಿ ಏನಾಗ್ತಿತ್ತು?”

ಗ್ಯಾರೇಜಿಗೆ ಮರಳಿದರೂ ತಿಪ್ಪೇಶಿ ಕೆಳಗಿಳಿಯಲಿಲ್ಲ.

“ಅವಳೂ ಕೂಗ್ತಿದ್ಲು ಉಸ್ತಾದ್ರೆ. ಮೂರು ತಿಂಗ್ಳು. ಹೊಟ್ಟೆನೋವು ಅಂತ. ನಾನು ಗ್ಯಾಸು ಅಂದೆ. ಸೋಡಾ ತಂದು ಕುಡಿಸ್ದೆ. ಕೊನೆಗೆ, ಬಾಯ್ ಮುಚ್ಕಂಡು ಮಲಗು ಅಂದ್ಬಿಟ್ಟೆ. ಆಮೇಲೆ ಅವಳು ಕೂಗ್ಲೇ ಇಲ್ಲ. ವಾಸಿಯಾಯ್ತು ಅಂದ್ಕಂಡಿದ್ದೆ.”

ಮಣ್ಣು ಕೊಟ್ಟ ದಿನವೂ ಅಳದಿದ್ದವನು ಗೊಳೋ ಎಂದು ಅತ್ತ. ಸಾಬರು ಸುಮ್ಮನಿರು ಎನ್ನಲಿಲ್ಲ. ಅಳು ತಾನಾಗಿ ಇಳಿಯುವವರೆಗೂ ಪಕ್ಕದಲ್ಲೇ ಕೂತಿದ್ದರು.

“ನಾನೀಗ ಏನ್ ಮಾಡ್ಲಿ ಉಸ್ತಾದ್ರೆ?”

ಸಾಬರು ಇಳಿದು ಬಂದು ಅವನ ಕಡೆಯ ಬಾಗಿಲು ತೆಗೆದರು.

“ಈ ಗಾಡಿ ಇನ್ನೂ ಕೂಗ್ತೈತೆ. ಬಾರಪ್ಪ, ಚಕ್ರ ಬಿಚ್ಚು.”