ಗೇಟಿನ ಮೇಲೆ ನೀರಕ್ಕ

ಒಂದೂರಿನ ನೀರಿನ ಕಚೇರಿಗೆ ಹೊಸ ಸಾಹೇಬರು ಬಂದರು. ಬಂದವರೇ ಗುಮಾಸ್ತೆ ಫಕೀರವ್ವನ ಮೇಲೆ ಗುಡುಗಿದರು: “ನಿನ್ನ ಸ್ವಂತ ಫೋನ್ ನಂಬರ ಗೇಟಿನ ಮ್ಯಾಲೆ ಬರಿ. ಜನ ಸೀದಾ ನಿನ್ನನ್ನ ಕೇಳ್ಲಿ!”

ಹಿಂದೊಮ್ಮೆ ಹಾಗೆ ಬರೆದಾಗ ಯಾರ್ಯಾರೋ ಫೋನ್ ಮಾಡಿ ಆಕೆಯನ್ನು ಕಾಡಿದ್ದರು. ಆದರೂ ಫಕೀರವ್ವ “ಆತ್ರಿ” ಎಂದು ಸೀಮೆಸುಣ್ಣ ಹಿಡಿದಳು. ಬರೆದದ್ದು ಮಾತ್ರ ಮೆಸೇಜ್ ಆ್ಯಪಿನಲ್ಲಿ ತಾನಿಟ್ಟುಕೊಂಡ ಹೆಸರು: ‘ನೀರಕ್ಕ 27’.

“ನಂಬರ ಎಲ್ಲೈತಿ?”

“ಈ ಹೆಸರು ಹುಡುಕಿ ಮೆಸೇಜ್ ಕಳಸ್ರಿ.”

ಸಾಹೇಬರು ಕಳಿಸಿದರು. ಆಕೆಯ ಫೋನು ಟಿಂಗ್ ಎಂದಿತು. “ಹೇಳ್ರಿ ಸಾಹೇಬ್ರ” ಎಂದು ಉತ್ತರವೂ ಬಂತು. ಅವರು ಪರದೆಯನ್ನು ಮೇಲೆ ಕೆಳಗೆ ಸರಿಸಿ ನೋಡಿದರು. ನಂಬರು ಎಲ್ಲೂ ಇಲ್ಲ!

“ನಾಳೆ ಯಾರರ ಕಾಡಿದ್ರ?”

“ಈ ಹೆಸರು ಅಳಿಸಿ ಬ್ಯಾರೆ ಇಟ್ಗೋತೀನ್ರಿ.”

ಸಾಹೇಬರು ಅತ್ತಿತ್ತ ನೋಡಿ, ದನಿ ತಗ್ಗಿಸಿದರು: “ಫಕೀರವ್ವಾರ, ನಮಗೂ ಒಂದು ಹೆಸರು ಇಟ್ಟುಕೊಡ್ರಿ.”