ಬೋರಲಿಂಗ ಮಾಡಿದ ಜೇಸನ್ ಫೈಲು

ಕೇಳ್ರಪ್ಪ, ನಗೋರು ನಗ್ರಿ. ನನಗಂತೂ ಆ ತಾಯಿಯನ್ನ ನೆನೆಸಿಕೊಂಡ್ರೆ ಅಯ್ಯೋ ಪಾಪ ಅನಿಸುತ್ತೆ. ಜಯಶೀಲಮ್ಮ ಅಂತ. ಹನ್ನೊಂದು ವರ್ಷ ಮನೆಮನೆ ತಿರುಗಿ ರಕ್ತ ಕೊಡೋರ ಪಟ್ಟಿ ಮಾಡಿದ್ಳು. ಎಂಟುನೂರು ಜನ, ಎಲ್ಲಾ ಕಂಪ್ಯೂಟರಿನ ಡೇಟಾಬೇಸಲ್ಲಿ. ಮಗ ಬೋರಲಿಂಗ. ಕಂಪ್ಯೂಟರಿಗೆ ಕೆಲಸ ಹೇಳೋ ಪೈಥಾನ್ ಭಾಷೆ ಕಲಿತಿದ್ದ, ಬುದ್ಧಿ ಕಲಿತಿರಲಿಲ್ಲ.

ಎದುರುಮನೆ ಸೊಸೆ ಮಾದೇವಿಗೆ ಬೆಳಗಾದ್ರೆ ಆಪರೇಷನ್. ಬಿ ನೆಗೆಟಿವ್ ರಕ್ತ ಬೇಕೇ ಬೇಕು. ಆಸ್ಪತ್ರೆ ಸಿಸ್ಟರ್ ಅಂದ್ರು: "ಪಟ್ಟೀನ ಜೇಸನ್ ಫೈಲು ಮಾಡಿ ಕಳಿಸ್ರಮ್ಮ, ನಮ್ಮ ಕಂಪ್ಯೂಟರ್ ಓದೋದು ಅದನ್ನೇ."

ಬೋರಲಿಂಗ ಕೂತ. ಮೊದಲನೇ ದಾಖಲೆಗೇ ಪೈಥಾನ್ ನಿಂತೋಯ್ತು.

"ಅವ್ವಾ, ಒಬ್ಬೊಬ್ಬರಿಗೂ ಡೇಟಾಬೇಸು ಅಂಟಿಸಿರೋ ಗುರುತಿನ ಐಡಿ ಜೇಸನ್ ಆಗಲ್ವಂತೆ!"

"ಅದ್ಯಾರಿಗೆ ಬೇಕೋ? ಆಗದೆ ಇರೋದನ್ನ ಕಿತ್ತಾಕು!"

ಕಿತ್ತಾಕಿದ. ಆಮೇಲೆ ರಕ್ತ ಕೊಟ್ಟ ತಾರೀಕೂ ಆಗಲ್ಲ ಅಂತು. ಅದನ್ನೂ ಕಿತ್ತಾಕಿದ. ಕಳಿಸಿದ.

ಸಿಸ್ಟರ್ ಫೋನು ಬಂತು. "ತಾರೀಕೇ ಇಲ್ವಲ್ರಮ್ಮ! ಹೋದ ವಾರ ಕೊಟ್ಟೋರನ್ನ ಮತ್ತೆ ಕರೆಯೋಕಾಗುತ್ತಾ?"

"ಅಯ್ಯೋ ನನ್ನ ಕರ್ಮವೇ! ಕಿತ್ತಾಕಬಾರದು ಕಣೋ, ಆಗದೆ ಇರೋದನ್ನ ಅಕ್ಷರದ ಸಾಲು ಮಾಡಿ ಸೇರಿಸ್ಬೇಕು!"

"ಹೂಂ ಕಣವ್ವ!"

ಸೇರಿಸಿದ. ತಾರೀಕು, ಹೆಸರು, ಊರು, ಫೋನು, ಎಂಟುನೂರು ಜನಾನೂ ಒಂದೇ ಸಾಲು!

"ಇದೇನ್ರಮ್ಮ, ಅಂಟಿಕೊಂಡ ಶ್ಯಾವಿಗೆ!" ಅಂದ್ರು ಸಿಸ್ಟರ್. "ಯಾವ ರಕ್ತ ಯಾರದು? ಹೊತ್ತು ಮುಳುಗ್ತಾ ಇದೆ!"

ಜಯಶೀಲಮ್ಮ ಹಣೆ ಹಣೆ ಚಚ್ಚಿಕೊಂಡ್ಳು. "ಆ ಹೆಣ್ಣಿನ ಜೀವ ತೆಗೀಬೇಡ್ವೋ! ಮೊದಲು ಒಬ್ಬರದ್ದು ಮಾಡಿ ನೋಡು. ಸರಿಹೋದ್ರೆ ಬೇರೆದೆಲ್ಲ ಅಳಿಸಾಕಿ ಕಳಿಸು!"

ಮಾಡಿದ. ಐಡಿ ಬಂತು, ತಾರೀಕು ಬಂತು, ಒಂದೊಂದೂ ಅದರದರ ಜಾಗದಲ್ಲಿ ಕೂತ್ಕೊಂತು. ಕಳಿಸಿದ.

"ಈ ಸಲ ಫೈಲು ಚಿನ್ನದಂಗಿದೆ!" ಅಂದ್ರು ಸಿಸ್ಟರ್. ತಾಯಿ ಕಣ್ಣು ತುಂಬಿಬಂತು. "ಆದ್ರೆ ಒಬ್ಬರೇ ಇದಾರಲ್ರಮ್ಮ?"

"ಮಿಕ್ಕೋರೆಲ್ಲೋ?" ಅಂತ ಮಗನ್ನ ಕೇಳಿದ್ಳು.

"ಒಬ್ಬರದ್ದು ಸರಿಹೋಯ್ತಲ್ಲವ್ವ, ಬೇರೆದೆಲ್ಲ ಅಳಿಸಾಕ್ದೆ."

"ನಾನಂದಿದ್ದು ಕೆಟ್ಟ ಫೈಲುಗಳನ್ನ ಕಣೋ! ನೀನು ಎಲ್ಲಿಂದ ಅಳಿಸ್ದೆ?"

"ಡೇಟಾಬೇಸಿಂದ!"

ಜಯಶೀಲಮ್ಮ ನೆಲಕ್ಕೆ ಕುಸಿದ್ಳು. ಅಷ್ಟರಲ್ಲಿ ಮಾದೇವಿಯ ಅತ್ತೆ ಸೆರಗು ಬಿಗಿಹಿಡಿದು ಓಡಿಬಂದ್ಳು.

"ಅಕ್ಕಾ, ಯಾರಾದ್ರೂ ಸಿಕ್ಕಿದ್ರಾ?"

ಬೋರಲಿಂಗ ಹಲ್ಲು ಕಿರಿದ. "ಸಿಕ್ಕಿದಾರೆ ಚಿಕ್ಕವ್ವ! ಪಟ್ಟೀಲಿ ಉಳಿದಿರೋದು ನಮ್ಮವ್ವನ ಹೆಸರೇ. ಎ ಪಾಸಿಟಿವ್. ಎಬ್ಬಿಸಿಕೊಂಡು ಹೋಗಿ!"